ಒಂದು ಕಾಲಿನ ಮೇಲೆ ಭಾರ

ಇವತ್ತು ಅಥೆನ್ಸ್‌ನಲ್ಲಿ ಆಕ್ರೊಪೊಲಿಸ್ ಗುಡ್ಡ ಹತ್ತಿ ಇಳಿದು ಕಾಲು ನೋಯುತ್ತಿತ್ತು. ಕೆಳಗಿನ ಮ್ಯೂಸಿಯಂನಲ್ಲಿ ಒಬ್ಬ ಅಮೃತಶಿಲೆಯ ಹುಡುಗನ ಎದುರು ನಿಂತೆ. ಸುಮ್ನೆ ಎಡಗಾಲಿಗೆ ಭಾರ ಕೊಟ್ಟು ಬಲ ಮಂಡಿ ಸಡಿಲ ಬಿಟ್ಟೆ.

ನೋಡಿದರೆ, ಅವನೂ ಹಾಗೇ ನಿಂತಿದ್ದಾನೆ!

ಕ್ರಿಟಿಯೋಸ್ ಹುಡುಗ ಅಂತಾರೆ ಇವನನ್ನು. ಕ್ರಿ.ಪೂ. 480ರ ಆಸುಪಾಸಿನವನು. ಇವನಿಗಿಂತ ನೂರು ವರ್ಷ ಹಳೆಯ ಕೂರೋಸ್ ಮೂರ್ತಿಗಳು, ಅಂದರೆ ಗ್ರೀಕರ ಯುವಕರ ಶಿಲ್ಪಗಳು, ಎಡಗಾಲು ಮುಂದಿಟ್ಟು ನಿಂತಿವೆ. ಆದರೆ ಭಾರ ಎರಡೂ ಕಾಲಿಗೆ ಸಮ. ಸೊಂಟ ನೆಟ್ಟಗೆ, ಈಜಿಪ್ಟಿನ ಶಿಲ್ಪಗಳ ಹಾಗೆ.

ಇವನ ಸೊಂಟ ಎಡಕ್ಕೆ ತುಸು ಮೇಲೆ, ಬಲಕ್ಕೆ ತುಸು ಕೆಳಗೆ. ಮುಖ ಒಂಚೂರು ಬಲಕ್ಕೆ ತಿರುಗಿದೆ. ಅಷ್ಟೇ. ಅಷ್ಟಕ್ಕೇ ಕಲ್ಲು ಉಸಿರಾಡಿದ ಹಾಗಿದೆ.

ಮನುಷ್ಯರು ಯಾವಾಗಲೂ ಹೀಗೇ ನಿಂತಿರುತ್ತಾರೆ, ಅಲ್ವಾ? ಬಾವಿ ಹತ್ತಿರ, ಸಂತೆಯಲ್ಲಿ, ಯಾರಿಗೋ ಕಾಯುತ್ತಾ. ಅದನ್ನು ಕಲ್ಲಿಗೆ ತರಲು ಯಾರೋ ಎಷ್ಟು ಹೊತ್ತು ನೋಡಿರಬೇಕು! ಅವರ ಮೇಲೆ ತುಂಬಾ ಪ್ರೀತಿ ಬಂತು.

ಹುಡುಗನಿಗೆ ಈಗ ಪಾದಗಳಿಲ್ಲ. ತೋಳುಗಳೂ ಮುರಿದಿವೆ. ಆದರೂ ಯಾವ ಕಾಲಿನ ಮೇಲೆ ನಿಂತಿದ್ದಾನೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.