ಡಿಸೆಂಬರ್ 2ಕ್ಕೆ ಭೋಪಾಲ್ ಹೋಗೋರು ಹಳೇ ಊರಲ್ಲೇ ಉಳ್ಕೊಳ್ಳಿ

ಆಫೀಸ್ ಕೆಲಸದ ಮೇಲೆ ಭೋಪಾಲಲ್ಲಿ ನಾಲ್ಕು ತಿಂಗಳಿದ್ದೆ, ಅದರಲ್ಲಿ 2024ರ ಡಿಸೆಂಬರ್ 2 ಮತ್ತು 3 ಕೂಡ ಬಂತು, ಅಂದ್ರೆ 1984ರ ಗ್ಯಾಸ್ ದುರಂತ ಆಗಿ ಸರಿಯಾಗಿ 40 ವರ್ಷ. ಸಾಂಚಿ, ಭೀಮ್‌ಬೇಟ್ಕಾ ಬಗ್ಗೆ ಬೇಕಾದಷ್ಟು ಜನ ಬರೆದಿದಾರೆ, ನಾನು ಈ ಎರಡು ದಿನದ್ದು ಮಾತ್ರ ಹೇಳ್ತೀನಿ.

ನಾನಿದ್ದ ಹೊಸ ಊರಿನ ಎಂಪಿ ನಗರದ ಕಡೆ 3ನೇ ತಾರೀಕು ಅಂದ್ರೆ ಲೋಕಲ್ ರಜೆ, ಅಷ್ಟೇ. ಜೊತೆಲಿ ಕೆಲಸ ಮಾಡೋರು ಕೆರೆ ಕಡೆ ಹೋಗೋ ಪ್ಲಾನ್ ಹಾಕ್ತಿದ್ರು, ನಂಗೆ ನಿಜವಾಗ್ಲೂ ಬೇಜಾರಾಯ್ತು. ಅದಕ್ಕೇ ಎರಡು ರಾತ್ರಿಗೆ ಸ್ಟೇಷನ್ ಹತ್ರ ಹಳೇ ಊರಲ್ಲಿ ರೂಮ್ ಮಾಡಿದೆ. ಬುಕ್ ಮಾಡಿದ್ದು 1,100ಕ್ಕೆ, ಕೌಂಟರಲ್ಲಿ ಕೇಳಿದ್ದು 2,400, ಇಜ್ತಿಮಾ (ಮುಸ್ಲಿಮರ ದೊಡ್ಡ ಧಾರ್ಮಿಕ ಸಮಾವೇಶ) ರಶ್ ಅಂತೆ. ಆ ವರ್ಷ ಇಜ್ತಿಮಾ ಮುಗಿದಿದ್ದೇ ಡಿಸೆಂಬರ್ 2ಕ್ಕೆ, ಲಕ್ಷಗಟ್ಟಲೆ ಜನ ವಾಪಸ್ ಹೊರಟಿದ್ರು, ರೈಲಲ್ಲೂ ಕಾಲಿಡೋಕೆ ಜಾಗ ಇಲ್ಲ. ನೀವು ಹೋಗೋ ವರ್ಷ ಅದು ಯಾವಾಗ ಅಂತ ನೋಡ್ಕೊಂಡೇ ಕರ್ನಾಟಕ ಎಕ್ಸ್‌ಪ್ರೆಸ್ ಟಿಕೆಟ್ ಮಾಡ್ಸಿ.

ಇನ್ನೊಂದು ಮೋಸ ಆಟೋದು. ಗ್ಯಾಸ್ ಸೋರಿದ ಯೂನಿಯನ್ ಕಾರ್ಬೈಡ್ ಫ್ಯಾಕ್ಟರಿ ಒಳಗೆ ಬಿಡಿಸ್ತೀನಿ ಅಂತ 800 ತಗೊಂಡ, ಗೇಟಲ್ಲಿ ಸೆಕ್ಯುರಿಟಿಯವರು ವಾಪಸ್ ಕಳಿಸಿದ್ರು. ಒಳಗೆ ಹೋಗೋಕೆ ಜಿಲ್ಲಾಡಳಿತದ ಪರ್ಮಿಷನ್ ಬೇಕು, ಯಾರಿಗೂ ದುಡ್ಡು ಕೊಡಬೇಡಿ. ಎದುರಿಗೇ ಜೆ.ಪಿ. ನಗರ ಅನ್ನೋ ಜನವಸತಿ, ರಸ್ತೆ ಪಕ್ಕ ತಾಯಿ ಮಗುವಿನ ಪ್ರತಿಮೆ ಇದೆ, ಅಲ್ಲಿ ನಿಂತ್ರೆ ಸಾಕು, ಗೋಡೆಗೂ ಮನೆಗಳಿಗೂ ಮಧ್ಯೆ ಇರೋದು ಒಂದು ರಸ್ತೆ ಅಷ್ಟೇ ಅಂತ ಕಣ್ಣಾರೆ ಗೊತ್ತಾಗುತ್ತೆ.

ಅಲ್ಲೇ ಗಲ್ಲಿಲಿ ಒಂದು ಸಣ್ಣ ಅಂಗಡಿ, ಬೋರ್ಡೂ ಇಲ್ಲ. ಬೆಳಿಗ್ಗೆ ಪೋಹಾ ಜಲೇಬಿ 30 ರೂಪಾಯಿ, ನಮ್ಮ ಒಗ್ಗರಣೆ ಅವಲಕ್ಕಿಗಿಂತ ಮೆತ್ತಗಿರುತ್ತೆ, ಸೋಂಪಿನ ಪರಿಮಳ, ಮೇಲೆ ಒಂದು ಹಿಡಿ ಸೇವು, ಪಕ್ಕದಲ್ಲಿ ಬಿಸಿ ಜಲೇಬಿ, ಅದಾದ್ಮೇಲೆ ಉಪ್ಪು ಹಾಕಿದ ಹಾಲಿನ ಚಹಾ, ಸುಲೈಮಾನಿ ಅಂತಾರೆ, ಮೊದಲ ಗುಟುಕು ವಿಚಿತ್ರ ಅನ್ಸುತ್ತೆ, ಮೂರನೇ ಸಲಕ್ಕೆ ಅದಿಲ್ದೆ ಆಗಲ್ಲ. ಎರಡು ದಿನದಲ್ಲಿ ಐದು ಸಲ ಹೋದೆ. ಅಂಗಡಿ ಚಾಚಾಗೆ ದುರಂತದ ರಾತ್ರಿ ಒಂಬತ್ತು ವರ್ಷವಂತೆ. ಯಾರೋ ಮೆಣಸಿನಕಾಯಿ ಸುಡ್ತಿದಾರೆ ಅಂದ್ಕೊಂಡು ಎದ್ವಿ, ಅಪ್ಪ ನನ್ನ ಹೆಗಲ ಮೇಲೆ ಹಾಕ್ಕೊಂಡು ಗಾಳಿ ಬೀಸೋ ದಿಕ್ಕಿಗೇ ಓಡಿದ್ರು, ಅದೇ ತಪ್ಪಾಯ್ತು ಅಂದ್ರು. ಮನೆಯವರಿಗೆ ಮೊದಲು ಸಿಕ್ಕ ಪರಿಹಾರ ತಲೆಗೆ 25 ಸಾವಿರ. ಕಂಪನಿ 1989ರಲ್ಲಿ 47 ಕೋಟಿ ಡಾಲರ್ ಕೊಟ್ಟು ಕೈತೊಳ್ಕೊಂಡಿದ್ದು ನಂಗೆ ಓದಿ ಗೊತ್ತಿತ್ತು, ಅದು ಒಬ್ಬರ ಕೈಗೆ ಬಂದಾಗ ಎಷ್ಟಾಗಿತ್ತು ಅಂತ ಅಲ್ಲೇ ಕೇಳಿದ್ದು.

2ನೇ ತಾರೀಕು ಸಂಜೆ ಪಂಜಿನ ಮೆರವಣಿಗೆ ತಪ್ಪಿಸ್ಕೋಬೇಡಿ. ಹೆಚ್ಚಿನೋರು ವಯಸ್ಸಾದ ಹೆಂಗಸರು, ಕೆಮ್ಮುತ್ತಲೇ ಘೋಷಣೆ ಕೂಗ್ತಾರೆ. ಮುಖದ ಹತ್ರ ಫೋನ್ ಹಿಡೀಬೇಡಿ, ಹಿಂದೆ ಸುಮ್ನೆ ನಡೀರಿ, ಸ್ವೆಟರ್ ಇರ್ಲಿ. 3ಕ್ಕೆ ಬೆಳಿಗ್ಗೆ ಬರ್ಕತ್‌ಉಲ್ಲಾ ಭವನದಲ್ಲಿ ಸರ್ವಧರ್ಮ ಪ್ರಾರ್ಥನೆ ಇರುತ್ತೆ, ಮಂತ್ರಿಗಳೆಲ್ಲ ಬರ್ತಾರೆ, ಟೈಮ್ ಇದ್ರೆ ಹೋಗಿ.

ಚಾಚಾ ಅಂಗಡಿ ಮಾತ್ರ ಆವತ್ತು ತೆಗೆಯಲ್ಲ, ತಿಂಡಿಗೆ ಪೀರ್ ಗೇಟ್ ಕಡೆ ನೋಡ್ಕೊಳ್ಳಿ.