ಮಾರ್ಗಸೂಚಿ ಬಾಯಿಪಾಠ, ಬಿಪಿ ಮಾತ್ರ ಅಂದಾಜು

ಯಾವ ಪಿಜಿಯನ್ನು (ಸ್ನಾತಕೋತ್ತರ ಓದುತ್ತಿರುವ ವೈದ್ಯರನ್ನು) ಕೇಳಿದರೂ 130/80 ನಾಲಿಗೆಯ ತುದಿಯಲ್ಲೇ ಇರುತ್ತದೆ. 2017ರ ಅಮೆರಿಕದ ಮಾರ್ಗಸೂಚಿ ಅಲ್ಲಿಂದಲೇ ರಕ್ತದೊತ್ತಡ ಹೆಚ್ಚೆಂದು ಲೆಕ್ಕ ಹಿಡಿಯಿತು. 2025ರ ಪರಿಷ್ಕರಣೆಯಲ್ಲೂ ಆ ಗಡಿ ಹಾಗೇ ಉಳಿಯಿತು. 2024ರ ಯುರೋಪಿನ ಮಾರ್ಗಸೂಚಿಗೆ 140/90 ಗಡಿ. ನಮ್ಮ ಸರ್ಕಾರಿ ಆಸ್ಪತ್ರೆಗಳ ಚಿಕಿತ್ಸಾಕ್ರಮದಲ್ಲೂ ಅಷ್ಟೇ. 136/84 ಇರುವವರಿಗೆ ಮಾತ್ರೆ ಬರೆಯಬೇಕೋ ಬೇಡವೋ ಎಂಬುದನ್ನು ವಿಭಾಗವೇ ತೀರ್ಮಾನಿಸಿ ಗೋಡೆಗೆ ಅಂಟಿಸಬೇಕು. ತರಬೇತಿಯಲ್ಲಿರುವ ಹೌಸ್ ಸರ್ಜನ್ ತಲೆಗೆ ಬಿಡುವ ವಿಷಯವಲ್ಲ ಅದು.

ಆದರೆ ಎಡವುವುದು ಗಡಿಯ ವಿಚಾರದಲ್ಲಲ್ಲ, ಅಳತೆಯಲ್ಲಿ. ರೋಗಿ ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತ ಕೂಡಲೇ ತೋಳಿಗೆ ಕಫ್ (ಬಿಪಿ ಅಳೆಯುವ ಪಟ್ಟಿ) ಸುತ್ತುತ್ತಾರೆ. ಐದು ನಿಮಿಷ ಸುಮ್ಮನೆ ಕೂರಿಸಬೇಕು; ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಬೇಕು, ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ತೋಳು ಜೋತುಬಿದ್ದಿದ್ದರೆ ಬಿಪಿ ಹೆಚ್ಚು ತೋರಿಸುತ್ತದೆ. ಕಫ್‌ನೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಆವರಿಸಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಹಾಕಿದರೆ ಇಲ್ಲದ ಬಿಪಿ ಹುಟ್ಟಿಕೊಳ್ಳುತ್ತದೆ, ಆಮೇಲೆ ಅದಕ್ಕೊಂದು ಮಾತ್ರೆ. ಎರಡನೇ ಸಲ ನೋಡುವುದಂತೂ ಅಪರೂಪ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ ಸರಾಸರಿ ಬರೆಯಬೇಕು. ಕೈಯಿಂದ ಅಳೆಯುವ ಉಪಕರಣದಲ್ಲಿ ಎರಡೆರಡು ಮಿ.ಮೀ.ಗೆ ಗೆರೆ ಇರುವುದರಿಂದ ಸೊನ್ನೆಯಲ್ಲಿ ಕೊನೆಯಾಗುವ ಅಂಕಿ ಐದರಲ್ಲಿ ಒಂದು ಸಲ ಬರಬೇಕು. ಚೀಟಿಗಳಲ್ಲೆಲ್ಲ 130/80, 140/90 ಎಂದೇ ಇದ್ದರೆ ಅದು ಅಳತೆಯಲ್ಲ, ಅಂದಾಜು.

ಇನ್ನೊಂದು ರೋಗ ‘ಅದೇ ಮಾತ್ರೆ ಮುಂದುವರಿಸಿ’ ಎಂಬ ಸಾಲು. 152/94 ಎಂದು ಬರೆದು, ಅದರ ಕೆಳಗೇ ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಮಿ.ಗ್ರಾಂ ಪುನಃ. ಮೊದಲು ಕೇಳಬೇಕಾದ್ದು: ಇವತ್ತು ಬೆಳಿಗ್ಗೆ ಮಾತ್ರೆ ತಗೊಂಡಿರಾ? ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಬಂದವರು ಬಿಪಿ ಮಾತ್ರೆಯನ್ನೂ ಬಿಟ್ಟಿರುತ್ತಾರೆ. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದಾರಾ ಎಂದೂ ಕೇಳಿ, ಅದೂ ಬಿಪಿ ಏರಿಸುತ್ತದೆ. ಮಾತ್ರೆ ಬಿಟ್ಟಿಲ್ಲ, ಡೈಕ್ಲೋಫೆನಾಕೂ ಇಲ್ಲ ಎಂದಾದರೆ ಇನ್ನೊಂದು ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ ಸೇರಿಸಿ, ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಎರಡೂ ಒಂದೇ ಗುಳಿಗೆಯಲ್ಲಿ ಸಿಗುತ್ತವೆ, ಮರೆಯುವುದು ಕಡಿಮೆ. ಎರಡರಿಂದ ನಾಲ್ಕು ವಾರದೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಪರೀಕ್ಷೆ), ಪೊಟ್ಯಾಸಿಯಂ ನೋಡಬೇಕು. ಗರ್ಭಿಣಿಯರಿಗೆ, ಬಸಿರಾಗುವ ಯೋಚನೆ ಇರುವವರಿಗೆ ಟೆಲ್ಮಿಸಾರ್ಟಾನ್ ಕೂಡದು.

ಅಮ್ಲೋಡಿಪಿನ್‌ನಿಂದ ಕಾಲು ಊದಿದರೆ ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡ್ ಬರೆಯುವ ಚಾಳಿಯೂ ಇದೆ. ಆ ಊತ ದೇಹದಲ್ಲಿ ನೀರು ಹೆಚ್ಚಾದದ್ದರಿಂದಲ್ಲ, ಸಣ್ಣ ಅಪಧಮನಿಗಳು ಹಿಗ್ಗಿ ಲೋಮನಾಳಗಳ ಒತ್ತಡ ಏರಿದ್ದರಿಂದ. ಪ್ರಮಾಣ ಇಳಿಸಬೇಕು, ಇಲ್ಲವೇ ಟೆಲ್ಮಿಸಾರ್ಟಾನ್ ಜೊತೆ ಕೊಡಬೇಕು.

2025ರ ಅಮೆರಿಕದ ಮಾರ್ಗಸೂಚಿಯಲ್ಲಿ ಹೆಚ್ಚು ಕಣ್ತಪ್ಪುವುದು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ಅಂದರೆ ಮೂತ್ರಪಿಂಡಕ್ಕೆ ಹಾನಿಯಾಗಿದೆಯೇ ಎಂದು ತೋರಿಸುವ ಪರೀಕ್ಷೆ. ಅದನ್ನು ಸಕ್ಕರೆ ಕಾಯಿಲೆ ಇರುವವರಿಗಷ್ಟೇ ಅಲ್ಲ, ಬಿಪಿ ಇರುವ ಎಲ್ಲರಿಗೂ ಮಾಡಿಸಲು ಹೇಳಿದೆ.

ಸರದಿ ಬದಲಾದಾಗ ಮುಂದಿನ ತಿಂಗಳು ನೋಡುವವರು ಬೇರೆ ಪಿಜಿ. ಆದ್ದರಿಂದ ಚೀಟಿಯಲ್ಲಿ ಬಿಪಿಯ ಪಕ್ಕದಲ್ಲೇ ಯಾವ ತೋಳು, ಯಾವ ಕಫ್, ಮಾತ್ರೆ ತಗೊಂಡಿದ್ದಾರೋ ಇಲ್ಲವೋ, ಗುರಿ ಎಷ್ಟು, ಗುರಿ ತಲುಪದಿದ್ದರೆ ಮುಂದಿನ ಮಾತ್ರೆ ಯಾವುದು ಎಂದು ಬರೆದಿಡಿ.