ಚಿಚಿಬುವಿನ ರೇಷ್ಮೆ ರೈತರನ್ನು ಹುಡುಕಿಕೊಂಡು ಹೋದ ದಿನ

ಟೋಕಿಯೊದ ಇಕೆಬುಕುರೊದಲ್ಲಿ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಒಂದೂವರೆ ಗಂಟೆಯೊಳಗೆ ಚಿಚಿಬು ತಲುಪಬಹುದು. ಸುತ್ತ ಬೆಟ್ಟ, ನಡುವೆ ಊರು. ಜನ ಅಲ್ಲಿಗೆ ಹೋಗುವುದು ಹೆಚ್ಚಾಗಿ ಬೆಟ್ಟ ಹತ್ತೋದಕ್ಕೆ, ದೇವಸ್ಥಾನ ನೋಡೋದಕ್ಕೆ. ನಾನು ಹೋಗಿದ್ದು 1884ರ ನವೆಂಬರ್‌ನಲ್ಲಿ ಅಲ್ಲಿ ದಂಗೆ ಎದ್ದ ರೈತರಿಗಾಗಿ. ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆಯಲ್ಲಿ ಬೆಳೆದವಳು ನಾನು. ಎದ್ದವರೂ ರೇಷ್ಮೆ ಬೆಳೆಗಾರರು ಅಂತ ಓದಿದ ದಿನದಿಂದ ಆ ಊರನ್ನು ಕಣ್ಣಾರೆ ನೋಡಬೇಕು ಅನ್ನೋದು ತಲೆಯಲ್ಲೇ ಇತ್ತು. ಆಫೀಸಿನ ಗೆಳತಿಯೊಬ್ಬರು ಜೊತೆಗೆ ಬಂದರು. ಹಳೆಯ ಕಲ್ಲುಗಳ ಮೇಲಿನ ಕಾಂಜಿ ಅಕ್ಷರಗಳನ್ನು ಓದಿ ಹೇಳೋದಕ್ಕೆ ಅವರೇ ಗತಿ.

ಆ ಬೆಟ್ಟದ ಸೀಮೆಯಲ್ಲಿ ಭತ್ತ ಬೆಳೆಯುವ ಜಾಗ ಕಡಿಮೆ. ಮನೆ ಮನೆಯಲ್ಲೂ ಹುಳು ಸಾಕಿ, ನೂಲು ತೆಗೆದು ಮಾರುತ್ತಿದ್ದರು. ಬಂದ ದುಡ್ಡಲ್ಲೇ ಊಟಕ್ಕೆ ಕಾಳು ಕೊಳ್ಳಬೇಕು. ಹುಳು ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವ ಹಂತ ದಾಟಿ, ಹಣ್ಣಾಗಿ, ಗೂಡು ಕಟ್ಟುವವರೆಗೆ ಮನೆಗೆ ಒಂದು ಕಾಸು ಬರುವುದಿಲ್ಲ. ಅಲ್ಲಿಯವರೆಗೆ ಸಾಲವೇ ದಾರಿ. ಇದು ನನಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಮಾರುಕಟ್ಟೆಯಲ್ಲಿ ಗೂಡಿನ ರೇಟು ಬಿದ್ದ ದಿನ ನಮ್ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯುತ್ತಿರಲಿಲ್ಲ.

1881ರಲ್ಲಿ ಮತ್ಸುಕಾತ ಮಸಯೋಶಿ ಹಣಕಾಸು ಮಂತ್ರಿಯಾದರು. ಹಣದುಬ್ಬರ ಇಳಿಸಲು ಕಾಗದದ ನೋಟುಗಳನ್ನು ಚಲಾವಣೆಯಿಂದ ಹಿಂದಕ್ಕೆ ಎಳೆದರು. ಎಲ್ಲದರ ಬೆಲೆ ಇಳಿಯಿತು, ಚಿಚಿಬುವಿನಲ್ಲಿ ನೂಲಿನ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಬಂತು. ಆದರೆ ಸಾಲ ಇಳಿಯಲಿಲ್ಲ, ಕಂದಾಯವೂ ಇಳಿಯಲಿಲ್ಲ. ಬಡ್ಡಿಗೆ ಮಿತಿ ಹಾಕುವ ಕಾನೂನು 1877ರಲ್ಲೇ ಬಂದಿತ್ತು. ಸಾಹುಕಾರರು ಅದಕ್ಕೊಂದು ಉಪಾಯ ಹುಡುಕಿದರು. ಪತ್ರದಲ್ಲಿ ಹತ್ತು ಯೆನ್ ಅಂತ ಬರೆಸಿಕೊಂಡು, ಬಡ್ಡಿ ಮೊದಲೇ ಮುರಿದುಕೊಂಡು ಕೈಗೆ ಎಂಟೇ ಯೆನ್ ಕೊಡುವುದು. ಕೆಲವೇ ತಿಂಗಳಿಗೆ ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಪತ್ರ. ನಮ್ಮ ಕಡೆಯವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತು ಅಲ್ವಾ!

ಬೆಳಿಗ್ಗೆ ಮೊದಲು ಹೋಗಿದ್ದು ಓಂಗಾಕುಜಿ ದೇವಸ್ಥಾನಕ್ಕೆ. ಕಣ್ಣೋನ್ ಅಂದರೆ ಬೌದ್ಧರ ಕರುಣೆಯ ಬೋಧಿಸತ್ವ. ಚಿಚಿಬುವಿನ 34 ಕಣ್ಣೋನ್ ದೇವಸ್ಥಾನಗಳ ಯಾತ್ರೆಯಲ್ಲಿ ಇದು 23ನೆಯದು. ಹೆಸರಲ್ಲೇ ಸಂಗೀತ ಇರುವುದರಿಂದ ಹಾಡುಗಾರರು ಬಂದು ತಮ್ಮ ಹಾಡು ಗೆಲ್ಲಲಿ ಅಂತ ಬೇಡಿಕೊಂಡು ಹೋಗುತ್ತಾರೆ. ಅಲ್ಲಿ ನಿಂತರೆ ಕೆಳಗೆ ಅರಕಾವಾ ನದಿ, ಅದರಾಚೆ ಊರು, ಅದರಾಚೆ ಸುಣ್ಣದಕಲ್ಲಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬುಕೊ ಬೆಟ್ಟ. 1884ರ ನವೆಂಬರ್ 2ರಂದು ಸಾವಿರಾರು ರೈತರು ಇಲ್ಲಿ ಸೇರಿ, ಇದೇ ದೇವಸ್ಥಾನದ ಗಂಟೆ ಬಾರಿಸಿ, ಇಳಿದು ನದಿ ದಾಟಿ ಊರಿಗೆ ನುಗ್ಗಿದರು. ಜಿಲ್ಲಾ ಕಚೇರಿ ಅವರ ಕೈಗೆ ಬಂತು. ತಮ್ಮನ್ನು ಅವರು ಕೊನ್ಮಿನ್ತೊ, ಅಂದರೆ ಕಷ್ಟದಲ್ಲಿರುವವರ ಪಕ್ಷ ಅಂತ ಕರೆದುಕೊಂಡಿದ್ದರು.

ಆ ಅಂಗಳದಲ್ಲಿ ಹೆಸರಿಲ್ಲದ ಹೋರಾಟಗಾರರಿಗಾಗಿ ನಿಲ್ಲಿಸಿದ ಒಂದು ಕಲ್ಲಿದೆ. ಗೆಳತಿ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ನಾವು ಚಿಚಿಬು ಕೊನ್ಮಿನ್ತೊ, ನಮ್ಮನ್ನು ದಂಗೆಕೋರರು ಅಂತ ಕರೆದರೂ ನಮ್ಮದು ದಂಗೆ ಅಂದರೂ ಬೇಡ ಅನ್ನುವುದಿಲ್ಲ, ಅಂತ ಅದರ ಮಾತು. ಓದಿ ಮುಗಿಸಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಶಾಲೆಯ ಪುಸ್ತಕದಲ್ಲಿ ಈ ಘಟನೆಗೆ ಒಂದೆರಡು ಸಾಲು ಇತ್ತಷ್ಟೇ, ಅಂದರು.

ಕಲ್ಲಿನ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ ನನ್ನ ಮನಸ್ಸು ಒಪ್ಪದು. ದಂಗೆಕೋರರು ಅನ್ನುವ ಮೊದಲು ಆ ಜನ ಏನೇನು ಮಾಡಿ ನೋಡಿದ್ದರು ಅನ್ನೋದನ್ನು ಹೇಳಲೇಬೇಕು. 1883ರ ಕೊನೆಯಲ್ಲೇ ತಕಾಗಿಶಿ ಝೆನ್‌ಕಿಚಿ, ಸಾಕಮೊತೊ ಸೋಸಾಕು, ಒಚಿಯಾಯಿ ತೊರಾಇಚಿ ಸಾಲದ ವಿಷಯವಾಗಿ ಜಿಲ್ಲಾ ಕಚೇರಿಗೆ ಅರ್ಜಿ ಹಿಡಿದು ಹೋದರು. ತಿರಸ್ಕರಿಸಿದರು. ಮರುವರ್ಷ ಪೊಲೀಸರ ಬಳಿ ಹೋಗಿ, ಸಾಹುಕಾರರಿಗೆ ನೀವಾದರೂ ಒಂದು ಮಾತು ಹೇಳಿ ಅಂತ ಕೇಳಿಕೊಂಡರು. ಅದೂ ಆಗಲಿಲ್ಲ. ಸಾಹುಕಾರರ ಮನೆ ಬಾಗಿಲಿಗೇ ಹೋದರು, ಅಲ್ಲೂ ಇಲ್ಲ ಅಂದರು. ಸಾಲ ಮನ್ನಾ ಮಾಡಿ ಅಂತಲೂ ಅವರು ಕೇಳಿರಲಿಲ್ಲ. ಹತ್ತು ವರ್ಷ ತಡೆಯಿರಿ, ಆಮೇಲೆ 40 ವರ್ಷದ ಕಂತಿನಲ್ಲಿ ಕಟ್ಟುತ್ತೇವೆ, ಇಷ್ಟೇ. ಜೊತೆಗೆ ತೆರಿಗೆ ಇಳಿಸಿ, ಶಾಲೆಯ ಖರ್ಚು ನಮ್ಮ ಮೇಲೇ ಬೀಳುವುದರಿಂದ ಮೂರು ವರ್ಷ ಶಾಲೆ ಮುಚ್ಚಿ ಅಂತಲೂ ಕೇಳಿದ್ದರು. ಶಾಲೆ ಮುಚ್ಚಿ ಅನ್ನೋ ಮಾತು ಇವತ್ತು ಕೇಳಿದರೆ ಕಷ್ಟ ಆಗುತ್ತದೆ. ಆದರೆ ಅನ್ನಕ್ಕೇ ಇಲ್ಲದ ಮನೆಯವರ ಮಾತು ಅದು.

ಆಗ ದೇಶದ ತುಂಬ ಜನರ ಹಕ್ಕಿನ ಚಳವಳಿ ನಡೆದಿತ್ತು. 1874ರಲ್ಲಿ ಇತಾಗಾಕಿ ತೈಸುಕೆ ಮತ್ತು ಸಂಗಡಿಗರು ಚುನಾಯಿತ ಸಭೆ ಬೇಕೆಂದು ಅರ್ಜಿ ಕೊಟ್ಟ ಮೇಲೆ ಅದು ಹಳ್ಳಿಗಳಿಗೂ ಹಬ್ಬಿತು. ಟೋಕಿಯೊದ ಪಶ್ಚಿಮಕ್ಕಿರುವ ಇತ್ಸುಕಾಇಚಿಯಲ್ಲಿ ಚಿಬಾ ತಾಕುಸಾಬುರೊ ಎಂಬ ಮೇಷ್ಟ್ರು 204 ಕಲಮುಗಳ ಸಂವಿಧಾನವನ್ನೇ ಬರೆದಿದ್ದರು. ಅದು ಒಂದು ಹಳೆಯ ಉಗ್ರಾಣದಲ್ಲಿ 1968ರವರೆಗೆ ಹಾಗೇ ಬಿದ್ದಿತ್ತು! ಸರ್ಕಾರ 1875ರಲ್ಲಿ ಪತ್ರಿಕೆಗಳ ಬಾಯಿ ಕಟ್ಟಿತು. 1880ರಿಂದ ಸಭೆ ನಡೆಸಲು ಪೊಲೀಸರ ಅನುಮತಿ ಬೇಕಾಯಿತು. ಸಭೆಯಲ್ಲಿ ಕೂತ ಪೊಲೀಸ್ ಬೇಡ ಅಂದರೆ ಅಲ್ಲಿಗೇ ಮುಗಿಯಿತು. ಚಿಚಿಬುವಿನ ಮುಂದಾಳುಗಳಲ್ಲಿ ಹಲವರು ಜಿಯೂತೊ ಎಂಬ ಲಿಬರಲ್ ಪಕ್ಷದವರು. ಅವರ ಪಕ್ಷ ಅಕ್ಟೋಬರ್ 29ರಂದು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಮೂರೇ ದಿನಕ್ಕೆ ರೈತರು ಎದ್ದರು. ಮೇಲಿನವರು ಕೈಬಿಟ್ಟ ಮೇಲೂ ನಿಂತವರು ಇವರು.

ಮಧ್ಯಾಹ್ನ ಬಸ್ಸಿನಲ್ಲಿ ಯೋಶಿದಾ ಕಡೆ ಹೋದೆವು. ನವೆಂಬರ್ 1ರ ಸಂಜೆ ಸುಮಾರು ಮೂರು ಸಾವಿರ ಜನ ಸೇರಿದ್ದ ಮುಕು ದೇವಾಲಯ ಅಲ್ಲಿದೆ. ಬೇಟೆಯ ಕೋವಿ, ಕತ್ತಿ, ಬಿದಿರಿನ ಈಟಿ ಹಿಡಿದು ಬಂದಿದ್ದರು. ನಾಯಕ ತಾಶಿರೊ ಎಯಿಸುಕೆಗೆ ಆಗ 50ರ ವಯಸ್ಸು. ಇನ್ನೊಂದು ತಿಂಗಳು ತಡೆಯೋಣ, ಬೇರೆ ಜಿಲ್ಲೆಯವರೂ ಸೇರಲಿ ಅಂತ ಅವರು ಹೇಳಿ ನೋಡಿದ್ದರು. ಸಾಲದವರು ಕುತ್ತಿಗೆ ಮೇಲೆ ಕೂತಿದ್ದರಿಂದ ಯಾರೂ ಕೇಳಲಿಲ್ಲ. ನಾಗಾನೊದಿಂದ ಬಂದಿದ್ದ ಕಿಕುಚಿ ಕಾನ್ಪೆ ಐದು ನಿಯಮಗಳನ್ನು ಓದಿದರು. ಹಣ ದೋಚಿದವನು, ಹೆಣ್ಣಿನ ಮೇಲೆ ಕೈ ಹಾಕಿದವನು, ಕುಡಿದು ಕೂತವನು, ಸ್ವಂತ ದ್ವೇಷಕ್ಕೆ ಬೆಂಕಿ ಇಟ್ಟವನು, ಆಜ್ಞೆ ಮೀರಿದವನು, ಐವರಿಗೂ ಒಂದೇ ಶಿಕ್ಷೆ, ತಲೆ ಕಡಿಯುವುದು. ಆಮೇಲೆ ಸಾಹುಕಾರರ ಮನೆಗಳಿಗೆ ಹೋಗಿ ಸಾಲದ ಪತ್ರ ಹುಡುಕಿ ಸುಟ್ಟರು.

ಸರ್ಕಾರ ಟೋಕಿಯೊದಿಂದ ಸೈನ್ಯ ಕಳಿಸಿತು, ಅದೂ ರೈಲಿನಲ್ಲಿ. ರೇಷ್ಮೆ ಯೊಕೊಹಾಮ ಬಂದರಿಗೆ ಬೇಗ ಹೋಗಲಿ ಅಂತ ಆಗಷ್ಟೇ ಹಾಕಿದ್ದ ಹಳಿ ಅದು. ಇದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ನವೆಂಬರ್ 4ಕ್ಕೆ ಮುಖ್ಯ ಪಡೆ ಚದುರಿತು. ಉಳಿದವರು ಬೆಟ್ಟ ದಾಟಿ ನಾಗಾನೊವರೆಗೆ ಹೋಗಿ 9ರಂದು ಸೋತರು. ಸಾವಿರಾರು ಜನರಿಗೆ ಶಿಕ್ಷೆಯಾಯಿತು. ತಾಶಿರೊ, ಉಪನಾಯಕ ಕಾತೊ ಒರಿಹೆ ಮೊದಲಾದವರನ್ನು ಮರುವರ್ಷ ಗಲ್ಲಿಗೇರಿಸಿದರು.

ಯೋಶಿದಾದಲ್ಲಿ ಇನೊಉಎ ದೆನ್‌ಜೊ ಅವರ ಮನೆಯನ್ನು ಸಿನಿಮಾವೊಂದರ ಚಿತ್ರೀಕರಣಕ್ಕಾಗಿ ಮತ್ತೆ ಕಟ್ಟಿದ್ದಾರೆ. ಈಗ ಅದೇ ಮ್ಯೂಸಿಯಂ. ದೆನ್‌ಜೊ ಸಾಲಗಾರನಲ್ಲ, ನೂಲು ವ್ಯಾಪಾರದ ಅನುಕೂಲಸ್ಥ ಮನೆಯವರು. ಆದರೂ ರೈತರ ಖಜಾಂಚಿಯಾಗಿ ನಿಂತರು. ನನ್ನನ್ನು ಜಾಸ್ತಿ ಕಾಡಿದ್ದು ಇವರೇ. ಸಿಗದೇ ಹೋದ ಅವರಿಗೆ ಕೋರ್ಟು ಗಲ್ಲು ಬರೆಯಿತು. ಅಷ್ಟರಲ್ಲಿ ಅವರು ಅದೇ ಹಳ್ಳಿಯ ಒಂದು ಮನೆಯ ಉಗ್ರಾಣದಲ್ಲಿ ಅಡಗಿದ್ದರು. ಎರಡು ವರ್ಷ! ಊರಿಗೆ ಊರೇ ಪೊಲೀಸರ ಕಣ್ಣಲ್ಲಿದ್ದ ಕಾಲದಲ್ಲಿ ಆ ಮನೆಯವರು ದಿನಾ ಅನ್ನ ಹೊತ್ತು ಹಾಕಿದ್ದಾರೆ, ಬಾಯಿ ಬಿಟ್ಟಿಲ್ಲ. ಆಮೇಲೆ ಹೊಕ್ಕೈಡೊಗೆ ಹೋಗಿ, ಇತೊ ಫುಸಾಜಿರೊ ಅಂತ ಹೆಸರಿಟ್ಟುಕೊಂಡು, ಮದುವೆಯಾಗಿ ಮಕ್ಕಳನ್ನು ಬೆಳೆಸಿದರು. 1918ರ ಜೂನ್‌ನಲ್ಲಿ ಸಾಯುವ ಮುಂಚೆ ಹೆಂಡತಿ ಮತ್ತು ಮಗನಿಗೆ ತಾನು ಯಾರು ಅಂತ ಹೇಳಿದರು. ಅಲ್ಲಿಯವರೆಗೆ ಅವರಿಗೂ ಗೊತ್ತಿರಲಿಲ್ಲ.

ಅಷ್ಟು ಹೊತ್ತಿಗೆ ದೇಶಕ್ಕೆ ಸಂವಿಧಾನ ಬಂದು ಬಹಳ ವರ್ಷ ಆಗಿತ್ತು. 1890ರ ಮೊದಲ ಚುನಾವಣೆಯಲ್ಲಿ 15 ಯೆನ್ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಮತ, ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಷ್ಟು. ಗೂಡು ಮಾರಿ ಕಾಳು ಕೊಳ್ಳುವವರಿಗೆ ಅದರಲ್ಲಿ ಜಾಗವಿರಲಿಲ್ಲ. ದೆನ್‌ಜೊ ತೀರಿಕೊಂಡ ಮರುತಿಂಗಳೇ ತೊಯಾಮಾದ ಮೀನುಗಾರರ ಕೇರಿಯ ಹೆಂಗಸರು ಅಕ್ಕಿ ಬೆಲೆ ತಾಳಲಾರದೆ ಬೀದಿಗಿಳಿದರು. ಅದು ಊರೂರಿಗೆ ಹಬ್ಬಿದಾಗ ಸರ್ಕಾರ ಕಳಿಸಿದ್ದು ಮತ್ತೆ ಸೈನ್ಯವನ್ನೇ.